ಕೈಗೆಟುಕುವ ಜಾಗ

ಪಿನ್ನು ಬರಲಿಲ್ಲ. ಬೆಂಕಿ ಆರಿಸುವ ಸಿಲಿಂಡರನ್ನು ತೊಡೆಗಳ ನಡುವೆ ಅವಚಿಕೊಂಡು, ಉಂಗುರಕ್ಕೆ ತೋರುಬೆರಳು ಸಿಕ್ಕಿಸಿ ತಮ್ಮ ಇನ್ನೊಮ್ಮೆ ಎಳೆದ. ಬೆರಳು ಮಡಚಿದರೆ ತಾನೆ ಹಿಡಿತ ಸಿಗುವುದು. ಸುಟ್ಟು ವಾಸಿಯಾದ ಚರ್ಮ ಬಿಗಿದುಕೊಂಡು ಅದು ಅರ್ಧಕ್ಕೇ ನಿಂತುಬಿಡುತ್ತಿತ್ತು. ಉಂಗುರ ಜಾರಿತು, ಅವನು ನಕ್ಕ.

"ಇದೂ ನನ್ನ ಹಾಗೇ ಹಟಮಾರಿ ಕಣಕ್ಕ" ಅಂದ.

ಅಕ್ಕ ನಗಲಿಲ್ಲ. ಅಂಗಡಿಯ ಬೆಂಚಿನ ತುದಿಯಲ್ಲಿ ಕೂತು ಆ ಕೈಗಳನ್ನೇ ನೋಡುತ್ತಿದ್ದಳು. ಒಂದು ವರ್ಷದಿಂದ ಅವಳಿಗೆ ಅದೇ ಕೆಲಸ. ಆ ಕೈಗಳಿಗೆ ಮುಲಾಮು ಹಚ್ಚಿದ್ದಾಳೆ, ಅವು ಹಾಕಲಾಗದ ಶರ್ಟಿನ ಗುಂಡಿ ಹಾಕಿದ್ದಾಳೆ, ಅವು ಹಿಡಿಯಲಾಗದ ಲೋಟ ಹಿಡಿದು ನೀರು ಕುಡಿಸಿದ್ದಾಳೆ. ಈಗ ಲೋಟ ಅವನೇ ಹಿಡಿಯುತ್ತಾನೆ, ಎರಡೂ ಅಂಗೈ ಸೇರಿಸಿ. ಅಷ್ಟಾದದ್ದಕ್ಕೇ ಮನೆಯಲ್ಲಿ ಎಲ್ಲರೂ ಸಂತೋಷಪಟ್ಟಿದ್ದರು.

"ಅವನಿಗ್ಯಾಕೆ ಕೊಡ್ತೀರಾ ಅದನ್ನ" ಅಂದ ಅವಳ ಗಂಡ, ಕೌಂಟರಿಗೆ ಒರಗಿಕೊಂಡು. "ದೊಡ್ಡದೊಂದು ಕೊಡಿ ಸಾಕು, ನನ್ನ ಸೀಟಿನ ಹಿಂದೆ ಹಾಕ್ಕೋತೀನಿ. ಗಾಡಿ ಓಡಿಸೋನು ನಾನು ತಾನೆ."

ಅಂಗಡಿಯವರು ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದ ವಯಸ್ಸಾದ ಮನುಷ್ಯ. ಮಾರುವ ಅವಸರ ಅವರಿಗೆ ಇದ್ದಂತಿರಲಿಲ್ಲ. "ಕೊಡಬಹುದು ಸರ್" ಅಂದರು. "ಆದ್ರೆ ಸೀಟಿನ ಹಿಂದೆ ಇದ್ರೆ ಬೆಲ್ಟ್ ಬಿಚ್ಚದೆ ನಿಮಗೇ ಸಿಗಲ್ಲ, ಇನ್ನು ಅವರಿಗೆ ಎಲ್ಲಿ ಸಿಗುತ್ತೆ. ಗೋಡೆಗೆ ನೇತು ಹಾಕೋ ಲೆಕ್ಕ ಬೇರೆ, ಗುಡ್ಡ ಹತ್ತೋ ಗಾಡಿ ಲೆಕ್ಕ ಬೇರೆ. ಅದು ಪಲ್ಟಿ ಹೊಡೆದ್ರೆ ಯಾರು ಮೇಲೆ ಯಾರು ಕೆಳಗೆ ಅಂತ ಹೇಳೋಕಾಗುತ್ತಾ? ಇಬ್ಬರು ಕೂರೋ ಗಾಡಿಗೆ ಎರಡು ಬೇಕು. ಕೂತ ಜಾಗದಿಂದ ಕೈ ಚಾಚಿದ್ರೆ ಸಿಗಬೇಕು."

ಪಲ್ಟಿ ಎಂಬುದು ಆ ಮೂವರಿಗೂ ಗೊತ್ತಿಲ್ಲದ್ದೇನೂ ಅಲ್ಲ. ಗುಡ್ಡದ ನೆತ್ತಿಯ ಮೊಬೈಲ್ ಟವರುಗಳಿಗೆ ಡೀಸೆಲ್ಲು, ಬ್ಯಾಟರಿ ಹೊತ್ತು ಹೋಗುವುದು, ಕೆಟ್ಟದ್ದನ್ನು ರಿಪೇರಿ ಮಾಡಿ ಬರುವುದು ಇವರ ಕಸುಬು. ಭಾವ ಜೀಪು ಓಡಿಸುತ್ತಿದ್ದ, ತಮ್ಮ ಟವರು ಹತ್ತುತ್ತಿದ್ದ. ಹೋದ ವರ್ಷ ಇಳಿಜಾರಿನಲ್ಲಿ ಕಲ್ಲು ಸರಿದು ಜೀಪು ಎಡಮಗ್ಗುಲಿಗೆ ಉರುಳಿ ಹೊತ್ತಿಕೊಂಡಿತು. ಅದರಲ್ಲೂ ಒಂದು ಸಿಲಿಂಡರ್ ಇತ್ತು, ಹಿಂದುಗಡೆ ಕೇಬಲ್ ಸುರುಳಿಗಳ ಅಡಿಯಲ್ಲಿ. ಇದ್ದೂ ಇಲ್ಲದ ಹಾಗೆ. ಭಾವನೇ ತಮ್ಮನನ್ನು ಬೆಂಕಿಯಿಂದ ಎಳೆದು ತಂದ. ಮನೆಯಲ್ಲಿ, ನೆಂಟರಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ನೂರಾರು ಸಲ ಹೇಳಿಕೊಂಡ ಕಥೆ ಅದು. ಅವಳ ಅಮ್ಮನಂತೂ ಎದುರು ಸಿಕ್ಕವರಿಗೆಲ್ಲ "ದೇವರಂಥ ಅಳಿಯ" ಎಂದು ಹೇಳಿಕೊಂಡು ತಿರುಗಿದರು. "ನಂಗೆ ಪ್ರಜ್ಞೆ ಇರ್ಲಿಲ್ಲ, ಭಾವ ಇಲ್ದಿದ್ರೆ ನಾನಿರ್ತಿರ್ಲಿಲ್ಲ" ಎಂದು ತಮ್ಮನೂ ಕೇಳಿದವರಿಗೆಲ್ಲ ಹೇಳಿದ.

ಅದಕ್ಕೂ ಮೊದಲು ಅವಳು ಗಂಡನ ಜೊತೆ ಧಾರಾಳವಾಗಿ ಜಗಳವಾಡುತ್ತಿದ್ದ ಹೆಂಗಸು. ಆಮೇಲೆ ಬಿಟ್ಟುಬಿಟ್ಟಳು. ಒಡಹುಟ್ಟಿದವನ ಜೀವ ಉಳಿಸಿದವನ ಹತ್ತಿರ, ಒದ್ದೆ ಟವೆಲ್ ಮಂಚದ ಮೇಲೆ ಎಸೆದೆ ಎಂದು ಯಾವ ಬಾಯಲ್ಲಿ ಜಗಳ ತೆಗೆಯುವುದು? ಟವೆಲನ್ನು ತಾನೇ ಎತ್ತಿ ಒಣಗಿಸಿದಳು. ಅವನ ಮೇಲೆ ಅವಳಿಗೆ ಪ್ರೀತಿಗಿಂತ ದೊಡ್ಡದೇನೋ ಹುಟ್ಟಿತ್ತು. ಅದು ಅವಳಿಗೆ ಸ್ವಲ್ಪ ಭಾರವಾಗಿಯೂ ಇತ್ತು, ನಿಜ ಹೇಳಬೇಕೆಂದರೆ.

ಈಗ ಹೊಸ ಜೀಪು ಬಂದಿದೆ. ಸೋಮವಾರದಿಂದ ಮತ್ತೆ ಗುಡ್ಡ. ಟವರು ಹತ್ತಲಾಗದಿದ್ದರೂ ಲೆಕ್ಕ ನೋಡಲು, ದಾರಿ ಹೇಳಲು, ಪಕ್ಕದಲ್ಲೊಬ್ಬ ಇರಲಿ ಎಂದು ಭಾವ ತಮ್ಮನನ್ನೇ ಕರೆದಿದ್ದ. ಅದೇ ಎಡಗಡೆಯ ಸೀಟು. ಅವನನ್ನು ಅಲ್ಲಿ ಕೂರಿಸಬಹುದೋ ಇಲ್ಲವೋ ಎಂದು ತನ್ನ ಕಣ್ಣಾರೆ ನೋಡದ ಹೊರತು ಕಳಿಸುವುದಿಲ್ಲ ಎಂದು ಅವಳು ಹಟ ಹಿಡಿದು ಬಂದಿದ್ದಳು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯ್ತು ನಿಂದು" ಎಂದು ಗಂಡ ದಾರಿಯಲ್ಲಿ ಚುಡಾಯಿಸಿದ್ದ. ಉರಿಯಲಿ, ತಡವಾಗಿಯಾದರೂ ಉರಿಯಲಿ ಎಂದುಕೊಂಡಿದ್ದಳು.

ಅಂಗಡಿಯವರು ಕಪ್ಪು ಕೊಳವೆಯ ಒಂದನ್ನು ಪಕ್ಕಕ್ಕೆ ಸರಿಸಿದರು. "ಇದು ಗ್ಯಾಸಿಂದು. ಚೊಕ್ಕ, ಇಂಜಿನ್ನಿಗೆ ಕೊಳೆ ಆಗಲ್ಲ. ಆದ್ರೆ ಬಯಲು ಗಾಳೀಲಿ ನಿಲ್ಲಲ್ಲ, ತೂಕಾನೂ ಜಾಸ್ತಿ. ನಿಮಗೆ ಪುಡಿದೇ ಸರಿ. ಡೀಸೆಲ್ಲಿಗೂ ಆಗುತ್ತೆ, ವೈರಿಗೂ ಆಗುತ್ತೆ, ಸೀಟಿನ ಬಟ್ಟೆಗೂ ಆಗುತ್ತೆ. ಗಲೀಜು ಮಾತ್ರ ಹೇಳತೀರದು."

"ಹೊಸ ಇಂಜಿನ್ ರೀ ಅದು" ಅಂದ ಗಂಡ.

"ಇಂಜಿನ್ ಅಂಗಡೀಲಿ ಸಿಗುತ್ತೆ ಸರ್."

ತಮ್ಮ ಮತ್ತೆ ನಕ್ಕ. ಅಂಗಡಿಯವರು ಡ್ರಾಯರಿನಿಂದ ಬಳೆಯಷ್ಟು ಅಗಲದ ಉಂಗುರವೊಂದನ್ನು ತೆಗೆದು ಪಿನ್ನಿಗೆ ಸೇರಿಸಿದರು. ದಪ್ಪ ಕೈಗವಸು ಹಾಕಿಕೊಂಡು ಓಡಿಸುವವರು ಇದನ್ನು ಕೇಳಿ ಹಾಕಿಸಿಕೊಳ್ಳುತ್ತಾರಂತೆ. ತಮ್ಮ ಅದರೊಳಗೆ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕೂ ಬೆರಳುಗಳನ್ನು ತೂರಿಸಿ, ಮಣಿಕಟ್ಟಿನಿಂದ ಜಗ್ಗಿದ. ಪಿನ್ನು ಸಲೀಸಾಗಿ ಕಳಚಿ ಬಂತು. ಅದನ್ನು ಅಕ್ಕನ ಕಡೆ ಎತ್ತಿ ತೋರಿಸಿದ. ಅವಳಿಗೆ ಆ ಬೆಳಿಗ್ಗೆ ಮೊದಲ ಸಲ ಉಸಿರು ಸಲೀಸಾಯಿತು.

"ಇದೇ ಕೊಡಿ, ಎರಡು" ಅಂದಳು.

"ಕೊಡೋಕೆ ಮುಂಚೆ ಒಂದು ಸಲ ಗಾಡೀಲಿ ಕೂತು ತೋರಿಸಬೇಕಮ್ಮ. ಅದು ನನ್ನ ರೂಢಿ. ಎಲ್ಲಿ ಕೂತ್ರೆ ಎಲ್ಲಿ ಕೈ ಹೋಗುತ್ತೆ ಅಂತ ನೋಡದೆ ನಾನು ಸಿಲಿಂಡರ್ ಕೂರಿಸೋಕೆ ತೂತು ಕೊರೆಯಲ್ಲ."

ಜೀಪು ಅಂಗಡಿಯ ಮುಂದೆಯೇ ನಿಂತಿತ್ತು. ಭಾವ ಸ್ಟೇರಿಂಗಿನ ಮುಂದೆ ಕೂತ, ತಮ್ಮ ಎಡಗಡೆ. ಇಬ್ಬರೂ ಬೆಲ್ಟ್ ಹಾಕಿಕೊಂಡರು. ತಮ್ಮನದನ್ನು ಅವಳೇ ಹೋಗಿ ಸಿಕ್ಕಿಸಿ ಬಂದಳು. ಅಂಗಡಿಯವರು ಖಾಲಿ ಸಿಲಿಂಡರೊಂದನ್ನು ಎರಡು ಸೀಟುಗಳ ನಡುವೆ ಇಟ್ಟು ಬಾನೆಟ್ಟಿನ ಹತ್ತಿರ ಬಂದು ನಿಂತರು. ಅವಳು ಅವರ ಪಕ್ಕದಲ್ಲಿ. ಗಾಜಿನಾಚೆ ಇಬ್ಬರೂ ಕಾಣುತ್ತಿದ್ದರು.

"ಈ ಟೈರು ಕೆಸರಿಗೆ ಹೇಗೆ ಸರ್?" ಎಂದು ಅವರು ಕೇಳಿದರು. ಗಂಡನಿಗೆ ಟೈರಿನ ಮಾತೆಂದರೆ ಹಬ್ಬ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳತೊಡಗಿದ. ಅರ್ಧ ಮಾತಿನಲ್ಲಿ ಅಂಗಡಿಯವರು ಬಾನೆಟ್ಟಿಗೆ ರಪ್ಪನೆ ಬಡಿದು "ಬೆಂಕಿ" ಎಂದು ಕೂಗಿದರು.

ಗಂಡನ ಕೈ ಬೆಲ್ಟಿನ ಕೊಂಡಿಗೆ ಹೋಯಿತು. ಬಾಗಿಲು ತೆರೆಯಿತು, ಅವನು ರಸ್ತೆಯಲ್ಲಿದ್ದ. ಒಳಗೆ ತಮ್ಮ ಸಿಲಿಂಡರನ್ನು ಮಡಿಲಿಗೆ ಎಳೆದುಕೊಂಡು ಉಂಗುರಕ್ಕೆ ತಡಕಾಡುತ್ತಿದ್ದ.

"ಹೆದರಿಸಿಬಿಟ್ರಲ್ಲ" ಎಂದು ಗಂಡ ನಕ್ಕ.

"ಎಲ್ಲರೂ ಹಾಗೇ ಸರ್" ಅಂದರು ಅಂಗಡಿಯವರು, ಸಮಾಧಾನದ ದನಿಯಲ್ಲಿ. "ಮೈ ಅನ್ನೋದು ಯಾರ ಮಾತೂ ಕೇಳಲ್ಲ. ಅದಕ್ಕೇ ರೂಢಿ ಮಾಡಿಸೋದು. ಇನ್ನೊಂದು ಸಲ ನೋಡೋಣ."

ಈ ಸಲ ಗಂಡ ಮೊದಲೇ ಒಂದು ಕೈಯನ್ನು ಸಿಲಿಂಡರಿನ ಮೇಲೆ ಇಟ್ಟುಕೊಂಡು ಕೂತ. ಅಂಗಡಿಯವರು ಮಾತಾಡಿದರು, ಮಾತಾಡಿದರು, ಎಲ್ಲೆಲ್ಲಿಂದಲೋ ಎಲ್ಲಿಗೋ ಹೋದರು. ಅವನೂ ಮೈಮರೆತು ಉತ್ತರಿಸುತ್ತಿದ್ದ. ಬಾನೆಟ್ಟು ಮತ್ತೆ ರಪ್ಪೆಂದಿತು. ಸಿಲಿಂಡರಿನ ಮೇಲಿದ್ದ ಕೈ ಅದನ್ನು ಬಿಟ್ಟು ಕೊಂಡಿಗೆ ಹಾರಿತು. ಅವನು ಮತ್ತೆ ಹೊರಗಿದ್ದ, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು. ಈ ಸಲ ನಗಲಿಲ್ಲ. ಹೆಂಡತಿಯ ಕಡೆ ನೋಡಲೂ ಇಲ್ಲ.

ಅವಳು ಅವನನ್ನು ನೋಡುತ್ತಿರಲಿಲ್ಲ, ತಮ್ಮನನ್ನು ನೋಡುತ್ತಿದ್ದಳು. ತಮ್ಮ ತಲೆ ತಿರುಗಿಸಿ ಖಾಲಿ ಸೀಟನ್ನು ಒಮ್ಮೆ ನೋಡಿ, ಮತ್ತೆ ತನ್ನ ಉಂಗುರದ ಕೆಲಸಕ್ಕೆ ಹಿಂದಿರುಗಿದ್ದ. ಆ ಮುಖದಲ್ಲಿ ಒಂದಿಷ್ಟು ಆಶ್ಚರ್ಯವಿದ್ದಿದ್ದರೆ ಅವಳು ಏನನ್ನೂ ಯೋಚಿಸುತ್ತಿರಲಿಲ್ಲ. ಇರಲಿಲ್ಲ. ಆ ಸೀಟು ಹಾಗೆ ಖಾಲಿಯಾದದ್ದನ್ನು ಅವನು ಮೊದಲೂ ಒಂದು ಸಲ ನೋಡಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಉರಿಯುವ ಗಾಡಿಯಿಂದ ಒಬ್ಬನನ್ನು ಎಳೆದು ತಂದ ಗಂಡನ ಅಂಗೈಯಲ್ಲಿ ಆವತ್ತು ಒಂದು ಬೊಬ್ಬೆಯೂ ಇರಲಿಲ್ಲ. ಅದೃಷ್ಟ ಅಂದಿದ್ದರು ಎಲ್ಲರೂ. ಅವಳೂ ಅಂದಿದ್ದಳು. ಅವಳಿಗೆ ಮೊದಲು ಬಂದದ್ದು ಕೋಪವಲ್ಲ, ನಾಚಿಕೆ. ಒಂದು ವರ್ಷ ತಾನು ಎತ್ತಿ ಒಣಗಿಸಿದ ಟವೆಲುಗಳನ್ನೆಲ್ಲ ನೆನೆದು ಮೈ ಹಿಡಿಯಾಯಿತು.

ಖಾಲಿ ಸಿಲಿಂಡರಿಗೆ ಮೆತ್ತಿದ್ದ ಹಳೇ ಪುಡಿ ಅಂಟಿದ ಕೈ ತೊಳೆಯಲು ತಮ್ಮ ಅಂಗಡಿಯ ಹಿಂದಿನ ನಲ್ಲಿಗೆ ಹೋದ. ನಲ್ಲಿ ತಿರುಗಿಸಲು ಅವಳೂ ಹಿಂದೆ ಹೋದಳು. ನೀರು ಬಿಟ್ಟು ಕೇಳಿದಳು.

"ಆವತ್ತು ನಿಂಗೆ ಪ್ರಜ್ಞೆ ಇತ್ತು, ಅಲ್ವಾ?"

ತಮ್ಮ ನೀರಿನಡಿ ಕೈ ಹೊರಳಿಸುತ್ತಲೇ ಇದ್ದ. "ಈಗ್ಯಾಕಕ್ಕ ಅದು."

"ಇತ್ತೋ ಇಲ್ವೋ?"

"ಭಾವ ವಾಪಸ್ ಬಂದ್ರು. ಬರ್ಲಿಲ್ಲ ಅಂತ ನಾನೆಲ್ಲಿ ಅಂದೆ?"

"ಅವರು ಬಂದಾಗ ನೀನೆಲ್ಲಿದ್ದೆ?"

"ಹೊರಗೆ" ಅಂದ. ಆಮೇಲೆ, ಅಷ್ಟಕ್ಕೇ ಬಿಟ್ಟರೆ ಭಾವನಿಗೆ ಅನ್ಯಾಯವಾದೀತು ಎಂಬಂತೆ, "ಗಾಡಿ ಪಕ್ಕದಲ್ಲೇ ಬಿದ್ದಿದ್ದೆ. ಅಲ್ಲಿಂದ ರಸ್ತೆವರೆಗೂ ಹೊತ್ಕೊಂಡು ಬಂದಿದ್ದು ಭಾವನೇ. ಅದು ಸುಳ್ಳಲ್ಲ."

ಬೆಲ್ಟಿನ ಕೊಂಡಿ ಕೆಂಡವಾಗಿರಬೇಕು ಎಂದು ಅವಳು ಲೆಕ್ಕ ಹಾಕಿದಳು. ಎಡಮಗ್ಗುಲು ನೆಲಕ್ಕೆ ಬಿದ್ದಿತ್ತು. ಭಾವ ಹೋದ ಬಾಗಿಲಿನಿಂದಲೇ ಇವನೂ ಮೇಲೆ ಹತ್ತಿ ಬರಬೇಕಾಗಿತ್ತು, ಉರಿಯುತ್ತಿದ್ದ ಸೀಟನ್ನು ಹಿಡಿದುಕೊಂಡು.

"ನಂಗ್ಯಾಕೋ ಹೇಳ್ಲಿಲ್ಲ?"

"ಹೇಳಿ ಏನ್ಮಾಡ್ತಿದ್ದೆ? ನೀನು ಅವರ ಜೊತೆ ಇರಬೇಕಲ್ಲಕ್ಕ."

ಅವಳು ನಲ್ಲಿ ನಿಲ್ಲಿಸಿದಳು. ಸೆರಗಿನಿಂದ ಅವನ ಕೈ ಒರೆಸತೊಡಗಿದಳು, ಒಂದೊಂದೇ ಬೆರಳು. "ಸೋಮವಾರ ಹೋಗ್ಬೇಡ" ಅಂದಳು.

"ಹೋಗ್ದೆ? ಈ ಕೈಗೆ ಇನ್ಯಾರು ಕೆಲಸ ಕೊಡ್ತಾರೆ ಹೇಳು. ಇಷ್ಟು ದಿನ ಕೂರಿಸಿ ಊಟ ಹಾಕಿದ್ದಾರೆ, ಒಂದು ಮಾತು ಆಡಿಲ್ಲ." ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡ. "ಒಳ್ಳೇವರೇ ಕಣೆ ಅವರು. ಬೆಂಕಿ ಒಂದನ್ನ ಬಿಟ್ರೆ."

ಅದನ್ನು ಅವನು ತಮಾಷೆಗೆ ಅಂದದ್ದಲ್ಲ. ಅವಳಿಗೆ ಅಳು ಬರಬೇಕಾಗಿತ್ತು, ಬರಲಿಲ್ಲ. ಗಂಡನನ್ನು ಬೈಯೋಣವೆಂದರೆ ಏನೆಂದು ಬೈಯುವುದು? ಸಾಯಲಿಲ್ಲವೇಕೆ ಎಂದೇ? ಓಡಿದ್ದು ತಪ್ಪೆಂದು ಅವಳಿಗೂ ಅನಿಸಲಿಲ್ಲ. ಓಡಿದವನನ್ನು ಊರೆಲ್ಲ ಹೊಗಳುವಾಗ ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಕೂತಿದ್ದನಲ್ಲ, ಅದು ಅವಳಿಗೆ ಸಹಿಸಲಾಗದ್ದು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗಂಡನನ್ನು ಬಿಟ್ಟರೆ ತಮ್ಮನಿಗೆ ಕೆಲಸವಿಲ್ಲ, ತಮ್ಮನನ್ನು ಹೋಗದಂತೆ ತಡೆದರೆ ಅವನಿಗೇ ಬದುಕಿಲ್ಲ.

ಮುಂದುಗಡೆ ಬಂದಾಗ ಅಂಗಡಿಯವರು ಕೊರೆಯುವ ಯಂತ್ರಕ್ಕೆ ವೈರು ಎಳೆದು ಸಿದ್ಧವಾಗಿದ್ದರು. ಸೀಟುಗಳ ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು, ಬಲಕ್ಕೊಂದು ಎಡಕ್ಕೊಂದು. ಗಂಡ ಸಿಲಿಂಡರ್ ಹಿಡಿದಿಡುವ ಬ್ರಾಕೆಟ್ಟುಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಇವರಿಗೊಂದು, ಅವರಿಗೊಂದು" ಅಂದರು ಅಂಗಡಿಯವರು. "ಪ್ಲಾಸ್ಟಿಕ್ಕಿಂದು ಬೇಡ, ಕುಲುಕಾಟಕ್ಕೆ ಮುರಿಯುತ್ತೆ. ಕಬ್ಬಿಣದ್ದೇ ಹಾಕ್ತೀನಿ. ತಿಂಗಳಿಗೊಂದು ಸಲ ತಲೆಕೆಳಗು ಮಾಡಿ ತಟ್ಟಬೇಕಮ್ಮ, ಇಲ್ದಿದ್ರೆ ಪುಡಿ ತಳದಲ್ಲಿ ಗಟ್ಟಿ ಕೂತುಬಿಡುತ್ತೆ. ಮೇಲಿನ ಪ್ರೆಷರ್ ಮುಳ್ಳು ಹಸಿರಲ್ಲೇ ಇರುತ್ತೆ, ಒತ್ತಿದ್ರೆ ಬರೀ ಗಾಳಿ."

"ತಟ್ತೀನಿ" ಅಂದಳು ಅವಳು. "ಎರಡೂ ಎಡಗಡೆಗೇ ಹಾಕಿ."

"ಹಾಗೆ ಹಾಕಲ್ಲಮ್ಮ. ಡ್ರೈವರ್ ಕೈಗೂ ಒಂದು ಸಿಗಬೇಕು."

"ಡ್ರೈವರಿಗೆ ಬೇಕಾಗಲ್ಲ."

ದನಿ ಏರಿಸಿರಲಿಲ್ಲ. ಬೇಳೆ ಸಾಕು, ಇನ್ನು ಹಾಕಬೇಡಿ ಎನ್ನುವ ದನಿ. ಅಂಗಡಿಯವರು ಅವಳನ್ನು ನೋಡಿದರು, ಅವಳ ಗಂಡನನ್ನು ನೋಡಿದರು, ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಯಂತ್ರದ ಮೊನೆಯನ್ನು ಸುಮ್ಮನೆ ಬಿಗಿ ಮಾಡತೊಡಗಿದರು. "ಅಕ್ಕ, ನಂಗೊಂದು ಸಾಕು" ಅಂದ ತಮ್ಮ. "ನೀನು ಸುಮ್ನಿರು" ಅಂದಳು.

ಗಂಡ ಏನಾದರೂ ಹೇಳುತ್ತಾನೆಂದು ಅವಳು ಕಾದಳು. ತಾನು ಓಡಲಿಲ್ಲ ಎಂದಾದರೂ ಹೇಳಲಿ, ಓಡಿದೆ ಎಂದಾದರೂ ಹೇಳಲಿ. ಅವನು ಬಲಗಡೆಯ ಸೀಮೆಸುಣ್ಣದ ಗುರುತನ್ನು ಹೆಬ್ಬೆರಳಿನಿಂದ ಒರೆಸಿ, ಸುತ್ತು ಹಾಕಿಕೊಂಡು ಎಡಗಡೆಯ ಬಾಗಿಲಿಗೆ ಬಂದ. ಮಂಡಿಯೂರಿ ಸೀಟಿನಡಿ ಬಗ್ಗಿ ಎರಡು ಬ್ರಾಕೆಟ್ಟುಗಳನ್ನೂ ಪಟ್ಟಿಗೆ ಒತ್ತಿ ಹಿಡಿದುಕೊಂಡ.

"ಕೈ ಸ್ವಲ್ಪ ಆಚೆ ತಗೊಳ್ಳಿ ಸರ್, ಕಬ್ಬಿಣದ ಪುಡಿ ಸುಡುತ್ತೆ" ಅಂದರು ಅಂಗಡಿಯವರು.

ಯಂತ್ರ ಚೀರಿತು. ಕಬ್ಬಿಣದ ಬಿಸಿ ಚೂರುಗಳು ಸುರುಳಿ ಸುರುಳಿಯಾಗಿ ಅವನ ಮುಂಗೈ ಮೇಲೆ ಉದುರತೊಡಗಿದವು. ಅವನು ಕೈ ತೆಗೆಯಲಿಲ್ಲ.