ಸೈಮಾ ಸುರಿದ ಮೇವು

ಗುಂಡಿನ ಸದ್ದು ಒಂದೇ ಸಲ ಕೇಳಿತು. ಒಲೆಯ ಮುಂದಿದ್ದ ಸೈಮಾ ಕಾಫಿ ಪಾತ್ರೆ ಕೆಳಗಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟಳು. ಬರಲಿಲ್ಲ. ಒಂದು ಸದ್ದೆಂದರೆ ಜಿಂಕೆ ಬಿದ್ದಿತು, ಎರಡೆಂದರೆ ಅನುಮಾನ, ಮೂರೆಂದರೆ ವರ್ಷವಿಡೀ ಚರ್ಚಿನ ಬಾಗಿಲಲ್ಲಿ ನಗೆಪಾಟಲು. "ದೇವರೇ, ನಿನ್ನ ದಯೆ" ಎಂದು ಕೈ ಮುಗಿದಳು. ಆ ದಯೆಯೊಳಗೆ ತನ್ನ ಕೈಯೂ ಇದೆಯೆಂದು ನೆನಪಾಗಿ ಪ್ರಾರ್ಥನೆ ಅರ್ಧಕ್ಕೇ ನಿಂತಿತು.

ಅವಳ ಗಂಡ ನೆಸ್ತೊರ್ ಹರೆಯವನ್ನೆಲ್ಲ ಕಬ್ಬಿಣದ ಗಣಿಗೆ ಕೊಟ್ಟವನು. ಗಣಿ ಅವನಿಗೆ ಎದೆ ತುಂಬ ಧೂಳು ಕೊಟ್ಟಿತ್ತು. ಮುಂದಿನ ನವೆಂಬರಿನ ಬೇಟೆಕಾಲ ಅವನಿಗಿಲ್ಲವೆಂದು ವೈದ್ಯರು ಸೈಮಾಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅವನಿಗೆ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಿತ್ತು. ಸಾವಿಗಿಂತ ಹೆಚ್ಚು ಅವನನ್ನು ಕೊರೆಯುತ್ತಿದ್ದುದು ಬೇರೆ. ಎರಡು ವರ್ಷಗಳಿಂದ ಅವನಿಗೆ ಜಿಂಕೆ ಸಿಕ್ಕಿರಲಿಲ್ಲ. ಅವನ ಅಪ್ಪ ಫಿನ್ಲೆಂಡಿನಿಂದ ಬಂದು ಸರೋವರದ ಈ ದಡದಲ್ಲಿ ಬೇಟೆ ಮನೆ ಕಟ್ಟಿದಂದಿನಿಂದ ಆ ಮನೆಯ ಗಂಡಸರು ಕಾಡನ್ನು ಓದಿಯೇ ಹೊಡೆದವರು. ಎಲೆ ಉದುರುವ ಮೊದಲೇ ಜೌಗಿನ ಸುತ್ತ ನಡೆದು, ಕೊಂಬುಜ್ಜಿ ತೊಗಟೆ ಸುಲಿದ ಗಿಡ, ಗೊರಸಿನಿಂದ ಕೆರೆದ ನೆಲ, ಹಿಕ್ಕೆಯ ಹಸಿ, ಗಾಳಿಯ ದಿಕ್ಕು ಎಲ್ಲವನ್ನೂ ಕಂಠಪಾಠ ಮಾಡಿಕೊಳ್ಳುವವರು. "ಕಾಡು ನನ್ನ ಹತ್ರ ಮಾತು ಬಿಟ್ಟಿದೆ, ಸೈಮಾ. ಕಣ್ಣು ಹೋಯ್ತು ಅಂತ ಕಾಣತ್ತೆ," ಎಂದು ಅವನು ಈ ಅಕ್ಟೋಬರಿನಲ್ಲಿ ಅಂದಿದ್ದ.

ಹೋದದ್ದು ಕಣ್ಣಲ್ಲ. ಜಿಂಕೆಗಳೇ ಹೋಗಿದ್ದವು. ಜೌಗಿನ ಆಚೆ ಸೈಮಾಳ ತಮ್ಮ ವಿಲ್ಹೊ ಪಿಕಪ್ ತುಂಬ ಕ್ಯಾರೆಟ್ ತಂದು ಗುಡ್ಡೆ ಹಾಕುತ್ತಿದ್ದ. ಅದರೆದುರು ಬಂದೂಕು ಹಿಡಿದು ಕಾದು ಕೂರಲು ಹಲಗೆಯ ಗೂಡು, ಗೂಡಿನೊಳಗೆ ಹೀಟರು, ಮೆತ್ತನೆಯ ಕುರ್ಚಿ.

"ಭಾವ, ನೀನು ಜಿಂಕೆನ ಹುಡುಕ್ಕೊಂಡು ಹೋಗ್ತೀಯ. ನಾನು ಊಟಕ್ಕೆ ಕರೀತೀನಿ, ಅಷ್ಟೇ ವ್ಯತ್ಯಾಸ," ಎಂದು ವಿಲ್ಹೊ ಛೇಡಿಸುತ್ತಿದ್ದ.

"ಹೂಂ ಕಣಪ್ಪ, ಊಟಕ್ಕೆ ಕರೆದು ಕತ್ತು ಕುಯ್ಯೋನು ನೀನು. ನಿಮ್ಮನೇಲಿ ಕಾಫಿ ಕುಡಿಯೋಕೂ ನಂಗೆ ಭಯ."

"ಕುಡೀಬೇಡ ಬಿಡು, ಉಳೀತು. ಬರೀ ಹೆಜ್ಜೆ ನೋಡ್ಕೊಂಡು ಬಂದ್ರೆ ಅಕ್ಕ ಹೆಜ್ಜೇನೇ ಹುರಿದು ಹಾಕ್ತಾಳೆ, ತಿನ್ನು."

ನೆಸ್ತೊರ್ ನಕ್ಕಿದ್ದ. ನಗು ಕೆಮ್ಮಾಗಿ, ಕೆಮ್ಮು ಬಹಳ ಹೊತ್ತು ನಿಂತಿರಲಿಲ್ಲ.

ಮರುದಿನವೇ ಸೈಮಾ ತಮ್ಮನಿಗೂ ಹೇಳದೆ ಅವನ ಕೊಟ್ಟಿಗೆಯಿಂದ ಕ್ಯಾರೆಟ್ ತಂದಳು. ನೆಸ್ತೊರ್ ಮಧ್ಯಾಹ್ನ ಮಲಗಿದಾಗ, ಅವನು ಬೇಟೆಗೆ ಕೂರುವ ಮರದ ಬುಡದಿಂದ ಕಾಣದಷ್ಟು ದೂರದ ದಿಬ್ಬದ ಹಿಂದೆ, ಸ್ಪ್ರೂಸ್ ಮರಗಳ ಅಡಿಯಲ್ಲಿ ಸುರಿದು ಬಂದಳು. ಹಾಗೇ ದಿನಾ. ಒಂದು ವಾರ ಕಳೆಯುವುದರೊಳಗೆ ನೆಸ್ತೊರ್ ಕೆನ್ನೆ ಕೆಂಪು ಮಾಡಿಕೊಂಡು ಬಂದು, ಟೊಪ್ಪಿಗೆಯನ್ನೂ ತೆಗೆಯದೆ, "ಹೊಸ ಜಾಡು ಸೈಮಾ! ದಿಬ್ಬದ ಹಿಂದಿಂದ ಇಳೀತಾ ಇದಾನೆ. ದೊಡ್ಡವನು. ಗಾಳಿ ತಿರುಗಿದ್ದಕ್ಕೆ ದಾರಿ ಬದಲಾಯಿಸಿದಾನೆ, ನಂಗೆ ಮೊದಲೇ ಅನ್ನಿಸಿತ್ತು!" ಎಂದ. ಊಟ ಬಿಟ್ಟಿದ್ದವನು ಅಂದು ಎರಡು ಸಲ ಬಡಿಸಿಕೊಂಡು ಉಂಡ. ಆ ಊಟವನ್ನು ನೋಡಿದ ಮೇಲೆ ನಿಲ್ಲಿಸುವ ಮನಸ್ಸು ಅವಳಿಗೆ ಹೇಗೆ ಬಂದೀತು? ಬೇಟೆ ಶುರುವಾಗುವ ಹಿಂದಿನ ದಿನದವರೆಗೂ ಸುರಿದಳು.

ಈಗ ಅವಳು ಹಿಮ ತುಳಿಯುತ್ತ ಓಡಿದಳು, ಚಾಕು ಹಿಡಿದುಕೊಂಡು. ಜಿಂಕೆ ಸೀಡರ್ ಮರದ ಕೆಳಗೆ ಮಲಗಿತ್ತು, ನಿದ್ದೆ ಹತ್ತಿದ ಹಾಗೆ. ಅಗಲವಾದ ಕೊಂಬು. ನೆಸ್ತೊರ್ ಅದರ ಕುತ್ತಿಗೆಯ ಮೇಲೆ ಅಂಗೈಯಿಟ್ಟು, ಟೊಪ್ಪಿಗೆ ತೆಗೆದು, ಅಪ್ಪನಿಂದ ಕಲಿತ ಕೃತಜ್ಞತೆಯ ಪದ್ಯ ಹೇಳುತ್ತಿದ್ದ. ಅವನ ಮುಖ ಮದುವೆಯ ದಿನದ ಮುಖ.

"ನೀನು ಕೂತ್ಕೋ. ನಾನು ಕುಯ್ತೀನಿ," ಎಂದಳು ಸೈಮಾ.

"ನನ್ನ ಜಿಂಕೆ."

"ಉಸಿರು ಮೇಲಕ್ಕೆ ಹತ್ತಿದೆ ನಿಂಗೆ. ಕೇಳು ಹೇಳಿದ್ದು."

"ಇದೊಂದನ್ನ ನಾನೇ ಓದ್ತೀನಿ ಕಣೆ," ಎಂದು ಅವನು ಅವಳ ಕೈಯಿಂದ ಚಾಕು ತೆಗೆದುಕೊಂಡ.

ಅದು ಆ ಮನೆಯ ಪದ್ಧತಿ. ಜಿಂಕೆಯ ಕರುಳು ತೆಗೆದ ಮೇಲೆ ಜಠರದ ಚೀಲವನ್ನು ಸೀಳಿ, ಅದು ಕೊನೆಯದಾಗಿ ಏನು ತಿಂದಿತ್ತೆಂದು ನೋಡಬೇಕು. ಓಕ್ ಕಾಯಿಯೋ, ಸೀಡರ್ ಚಿಗುರೋ, ಜರಿಗಿಡವೋ. ತಾನು ಓದಿದ್ದು ಸರಿಯೇ ಎಂಬುದಕ್ಕೆ ಜಿಂಕೆಯೇ ಸಾಕ್ಷಿ ನುಡಿಯುತ್ತದೆ. ಹಿಂದಿನ ದಿನದ್ದೆಲ್ಲ ಅರೆದು ಹಸಿರಾಗಿರುತ್ತದೆಂದು ಸೈಮಾ ನಂಬಿದ್ದಳು. ಬೆಳಗಿನ ಜಾವ ಅದು ಮತ್ತೆ ದಿಬ್ಬದ ಹಿಂದೆ ಹೋಗಿ ಉಳಿದಿದ್ದನ್ನು ತಿಂದು ಬಂದೀತೆಂದು ಅವಳಿಗೆ ಹೊಳೆದಿರಲಿಲ್ಲ.

ಹಿಮದ ಮೇಲೆ ಹಬೆಯಾಡುವ ಹಸಿರು ರಾಶಿ ಬಿತ್ತು. ಅದರ ತುಂಬ ಕಿತ್ತಳೆ ಬಣ್ಣದ ಚೂರುಗಳು.

ನೆಸ್ತೊರ್ ಒಂದನ್ನು ಎತ್ತಿ, ಹಿಮದಲ್ಲಿ ಒರೆಸಿ ನೋಡಿದ.

"ವಿಲ್ಹೊದು," ಎಂದ ತನಗೆ ತಾನೇ. ಆಮೇಲೆ ಜಿಂಕೆಯ ಕಾಲು ಮುಟ್ಟಿದ. "ಅಲ್ಲ. ಆಚೆಯಿಂದ ಬಂದಿದ್ರೆ ಜೌಗು ದಾಟಬೇಕಿತ್ತು. ಕಾಲು ಒಣಗಿದೆ." ಹಾಗೆಂದು ಎದ್ದ. ಜಿಂಕೆ ಬಂದ ಹೆಜ್ಜೆಯನ್ನು ಹಿಡಿದು, ಮರದಿಂದ ಮರಕ್ಕೆ ನಿಂತು ಉಸಿರು ತೆಗೆದುಕೊಳ್ಳುತ್ತ, ದಿಬ್ಬ ಹತ್ತತೊಡಗಿದ.  ಸೈಮಾ ಹಿಂದೆ ಹಿಂದೆಯೇ ಹೋದಳು.

ಸ್ಪ್ರೂಸ್ ಮರಗಳ ಅಡಿಯಲ್ಲಿ ಹಿಮ ತೆಳುವಾಗಿತ್ತು. ಅಲ್ಲಿ ಗೊರಸುಗಳ ನಡುವೆ ಅವಳ ಬೂಟಿನ ಗುರುತಿತ್ತು, ಎಡಗಾಲು ಕೊಂಚ ಹೊರಕ್ಕೆ ತಿರುಗಿದ್ದು. ಅವನು ಬಗ್ಗಿ ಆ ಗುರುತಿನ ಅಂಚನ್ನು ಬೆರಳಿನಿಂದ ಮುಟ್ಟಿದ.

"ನೋಡು," ಎಂದಳು ಸೈಮಾ ಅಳುತ್ತ, "ನಿನ್ನ ಕಣ್ಣಿಗೇನೂ ಆಗಿಲ್ಲ. ಎಷ್ಟು ಚೆನ್ನಾಗಿ ಓದ್ದೆ."

"ನಿನ್ನನ್ನ ಓದ್ದೆ. ಅದನ್ನಲ್ಲ."

"ನೀನು ಊಟ ಬಿಟ್ಟಿದ್ದೆ, ನೆಸ್ತೊರ್..."

"ಊಟ ನಂಗೂ ಹಾಕ್ದೆ, ಅದಕ್ಕೂ ಹಾಕ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. "ಕೆಳಗೆ ಕೊಂಬುಜ್ಜಿದ ಗಿಡ ತೋರಿಸಿದ್ನಲ್ಲ. ಅದೂ ನಿಂದೇನಾ?"

"ಅಯ್ಯೋ, ಅದು ಹೇಗೆ ನಂದಾಗತ್ತೆ? ಅದು ಜಿಂಕೇದೇ."

"ಹೋದ ಸಲ ಕಾಲುವೆ ಹತ್ರ ಸಿಕ್ಕಿದ ಜಾಡು?"

"ಅಲ್ಲ. ಏಸುವಿನಾಣೆ ಅಲ್ಲ."

"ಸರಿ," ಎಂದ ಅವನು.

ಮಧ್ಯಾಹ್ನ ವಿಲ್ಹೊ ಬಂದು ಜಿಂಕೆಯನ್ನು ಎಳೆದು ತಂದು ತೊಲೆಗೆ ನೇತುಹಾಕಿದ. ಕೊಂಬನ್ನು ಗೇಣಿನಿಂದ ಅಳೆದು, "ಸೋತೆ ಭಾವ, ಕಾಲಿಗೆ ಬಿದ್ದೆ!" ಎಂದ ಮನಸಾರೆ.

"ನಿಮ್ಮಕ್ಕನ ಕಾಲಿಗೆ ಬೀಳು," ಎಂದ ನೆಸ್ತೊರ್. ವಿಲ್ಹೊ ಅದನ್ನು ತಮಾಷೆಯೆಂದು ನಕ್ಕ. ಸಂಜೆ ಈರುಳ್ಳಿಯಲ್ಲಿ ಹುರಿದ ಜಿಂಕೆಯ ಈಲಿಯ ಮೊದಲ ತುಂಡು, ರೂಢಿಯಂತೆ, ಜಿಂಕೆ ಹೊಡೆದವನದು. ನೆಸ್ತೊರ್ ತಟ್ಟೆಯನ್ನು ಸೈಮಾಳತ್ತ ಸರಿಸಿದ.

ಆಮೇಲೆ ಅವನು ಕಾಡಿಗೆ ಹೋಗಲಿಲ್ಲ. ಹಗಲೆಲ್ಲ ಕಿಟಕಿಯ ಬಳಿ ಕಂಬಳಿ ಹೊದ್ದು ಕೂರುತ್ತಿದ್ದ. ಒಂದು ಬೆಳಿಗ್ಗೆ, ಸೈಮಾ ಏಲಕ್ಕಿ ಬ್ರೆಡ್ ಕತ್ತರಿಸುತ್ತಿದ್ದಾಗ, ಹೆಣ್ಣು ಜಿಂಕೆಯೊಂದು ಬಯಲಿಗೆ ಇಳಿದು, ಕಿವಿ ನಿಮಿರಿಸಿ ನಿಂತು, ಕಿಟಕಿಯ ಕಡೆಗೇ ಬಂತು.

"ಅಲ್ಲಿ ಏನಾದ್ರೂ ಹಾಕಿದೀಯಾ?" ಎಂದ ನೆಸ್ತೊರ್, ತಿರುಗದೆ.

"ಇಲ್ಲ."

ನಿಜವಾಗಿ ಅವಳು ಏನನ್ನೂ ಹಾಕಿರಲಿಲ್ಲ. ಹಟ ಹಿಡಿದ ಮಗುವಿನ ಮಾತಿಗೆ ದೊಡ್ಡವರು ಹೂಂಗುಟ್ಟುವ ಹಾಗೆ ಅವನು ತಲೆಯಾಡಿಸಿ, ಜಿಂಕೆಯ ಮೇಲಿಂದ ಕಣ್ಣು ತೆಗೆದ.