ಜಿಮ್ಮಿಗೆ ಹುಚ್ಚು ಹಿಡಿದಿರಲಿಲ್ಲ

ಹುಚ್ಚುನಾಯಿ ಅಂದರೆ ಯಾರಿಗೆ ತಾನೇ ಭಯವಿಲ್ಲ? ೧೯೯೮ರ ಕಾಫಿ ಕುಯ್ಲಿನ ಸಮಯ. ಕಳಸದ ಹತ್ತಿರದ ಒಂದು ತೋಟದಲ್ಲಿ ಹುಚ್ಚುನಾಯಿ ಕರುವೊಂದನ್ನು ಕಚ್ಚಿತ್ತು. ಪಕ್ಕದ ತೋಟದ ರಂಗಮ್ಮನವರಿಗೆ ಅಂದಿನಿಂದ ಜೀವದಲ್ಲಿ ಜೀವವಿಲ್ಲ.

ಒಂದು ಬೆಳಿಗ್ಗೆ ಸೊಸೆ ಕಾಫಿ ಕಣದಲ್ಲಿದ್ದಳು. ರಂಗಮ್ಮ ಅಡುಗೆಮನೆಯಿಂದ ಜಗಲಿಗೆ ಬಂದು ನೋಡುತ್ತಾರೆ, ಸಾಕಿದ ನಾಯಿ ಜಿಮ್ಮಿ ಬಾಯಿ ತುಂಬ ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತ ನರಳುತ್ತಿದೆ. 

"ನಾಗೇಶಾ! ಜಿಮ್ಮಿಗೆ ಹುಚ್ಚು ಹಿಡೀತು ಕಣೋ!"

ಮಗ ನಾಗೇಶ ಕೋವಿ ಹಿಡಿದೇ ಬಂದ. ಅಷ್ಟರಲ್ಲಿ ಕಂಬದ ಹಿಂದಿನಿಂದ ಅಳು ಕೇಳಿಸಿತು. ಒಂದೂವರೆ ವರ್ಷದ ಮೊಮ್ಮಗಳು ಕೃತಿಕಾ! ಅವಳ ಬಾಯಲ್ಲೂ ಜೊಲ್ಲು. ತುಟಿ ಊದಿ ಕೆಂಪಾಗಿದೆ.

"ಅಯ್ಯೋ ದೇವ್ರೇ, ಮಗೂಗೂ ಕಚ್ಬಿಡ್ತಾ?" ರಂಗಮ್ಮ ಮಗುವನ್ನು ಬಾಚಿ ಎತ್ತಿಕೊಂಡರು. ನಾಗೇಶ ಅಳುತ್ತಲೇ ಜಿಮ್ಮಿಗೆ ಗುರಿಯಿಟ್ಟ.

"ಏ ಮಾರಾಯ, ಕೋವಿ ಇಳ್ಸು!"

ಕೂಗಿದವರು ದನದ ಡಾಕ್ಟ್ರು ಸೋಮಶೇಖರಪ್ಪ. ಪಕ್ಕದ ತೋಟದ ಕರು ನೋಡಲು ಬಂದವರು ಗಲಾಟೆ ಕೇಳಿ ಓಡಿಬಂದಿದ್ದರು. ಮಗುವಿನ ಮೈಯೆಲ್ಲ ತಡವಿ ನೋಡಿದರು. ಗಾಯ ಎಲ್ಲೂ ಇಲ್ಲ. ಮುಷ್ಟಿ ಬಿಡಿಸಿದರೆ ಬಿಳಿ ಚುಕ್ಕಿಯ ಹಸಿರು ಎಲೆಯ ಚೂರು! ಜಗಲಿಯ ಮೂಲೆಯ ಕುಂಡದಲ್ಲಿದ್ದ ಅದೇ ಎಲೆಯ ಗಿಡವೂ ಮುರಿದಿತ್ತು. ದಂಟಿನ ತುಂಬ ನಾಯಿಯ ಹಲ್ಲಿನ ಗುರುತು.

"ಕಚ್ಚಿದ್ದಲ್ಲ ರಂಗಮ್ನೋರೇ. ಇಬ್ರೂ ಈ ಡೈಫನ್‌ಬೇಕಿಯಾ ಗಿಡ ಜಗಿದಿದಾರೆ."

ರಂಗಮ್ಮ ನಂಬಲಿಲ್ಲ. "ಕುದ್ರೆಮುಖದ ತಂಗಿ ಮನೆಯಿಂದ ತಂದಿದ್ದು ಅದು. ಕೆಸುವಿನ ಜಾತಿ ಅಲ್ವಾ ಡಾಕ್ಟ್ರೇ? ಕೆಸುವಿನೆಲೆ ಪತ್ರೊಡೆ ತಿಂದೇ ಬೆಳ್ದವ್ರು ನಾವು!"

"ಕೆಸುವನ್ನ ಹುಳಿ ಹಾಕಿ ಬೇಯಿಸ್ತೀರಲ್ಲಮ್ಮ. ಹಸಿ ಎಲೆ ಯಾವತ್ತಾದ್ರೂ ಅಗ್ದಿದೀರಾ? ಇದನ್ನ ಬೇಯ್ಸಿದ್ರೂ ತಿನ್ನೋ ಹಾಗಿಲ್ಲ. ಗಂಟ್ಲು ಊದಿದ್ರೆ ಉಸಿರೇ ಕಟ್ಬಹುದು."

ರಂಗಮ್ಮ ಗಿಡದತ್ತ ನೋಡಿದರು. ದಿನಾ ನೀರು ಹಾಕಿ, ಎಲೆ ಒರೆಸಿ ಬೆಳೆಸಿದ ಗಿಡ! ಗಾಬರಿಯಲ್ಲಿ ವಾಂತಿ ಮಾಡಿಸಲು ಮಗುವಿನ ಬಾಯಿಗೆ ಬೆರಳು ಹಾಕಹೋದರು.

"ಬೇಡ, ಬೇಡ! ವಾಂತಿಯಾದ್ರೆ ಗಂಟ್ಲು ಇನ್ನೊಂದ್ಸಲ ಉರಿಯತ್ತೆ." ಡಾಕ್ಟ್ರು ಒದ್ದೆ ಬಟ್ಟೆಯಿಂದ ಬಾಯಿ ಒರೆಸಿದರು. ಮಗು ನುಂಗುತ್ತಿದೆ ಎಂದು ಖಾತ್ರಿ ಮಾಡಿಕೊಂಡು ತಣ್ಣನೆಯ ಹಾಲನ್ನು ಗುಟುಕು ಗುಟುಕಾಗಿ ಕುಡಿಸಿದರು. "ನಾಯೀನ ನಾನು ನೋಡ್ಕೋತೀನಿ. ಮಗೂನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ. ಎಲೆ ಚೂರೂ ಜೊತೇಲಿರ್ಲಿ, ಅಲ್ಲಿ ತೋರಿಸ್ಬೇಕು."

ಕಣದಿಂದ ಓಡಿಬಂದ ಸೊಸೆಯನ್ನೂ ಹತ್ತಿಸಿಕೊಂಡು ಜೀಪು ಕಳಸಕ್ಕೆ ಓಡಿತು. ಸಂಜೆಯ ಹೊತ್ತಿಗೆ ಕೃತಿಕಾಳ ಊತ ಇಳಿದು, ಎಲ್ಲರೂ ಮನೆಗೆ ಬಂದರು. ಜಿಮ್ಮಿ ಬಾಲ ಅಲ್ಲಾಡಿಸುತ್ತ ಎದುರು ಬಂತು. ನಾಗೇಶನಿಗೆ ಅದರ ಮುಖ ನೋಡಲಾಗಲಿಲ್ಲ. ರಂಗಮ್ಮ ಅದನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. "ನನ್ನ ಗಿಡದ ತಪ್ಪಿಗೆ ನಿನ್ನ ಕೊಲ್ಲಿಸ್ತಿದ್ನಲ್ಲೋ!" ಆಮೇಲೆ ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಗಿಡವನ್ನು ಬೇರುಸಹಿತ ಕಿತ್ತು ಹೂತುಬಂದರು.

ಅಕ್ಕಂದಿರೇ, ಅಣ್ಣಂದಿರೇ, ಚಂದದ ಗಿಡವೆಲ್ಲ ಸಾಧುವಲ್ಲ. ಮನಿಪ್ಲಾಂಟ್ ಜಗಿದರೂ ಬಾಯಿ ಉರಿಯುತ್ತದೆ. ಅಂಗಳದ ಕಣಗಿಲೆಯಂತೂ ಪ್ರಾಣಕ್ಕೇ ಕುತ್ತು. ಹೆಸರು ಗೊತ್ತಿಲ್ಲದ ಗಿಡದ ವಿಷಯ ತಿಳಿಯುವವರೆಗೆ ಅದು ಮಕ್ಕಳ ಕೈಗೆ ಸಿಗದಿರಲಿ. ನಾಯಿ ಜೊಲ್ಲು ಸುರಿಸಿದರೆ ಮುಟ್ಟಬೇಡಿ, ಕೊಲ್ಲಲೂ ಹೋಗಬೇಡಿ, ದನದ ಡಾಕ್ಟರನ್ನು ಕರೆಯಿರಿ. ನಾಯಿ ಕಚ್ಚಿದ್ದರೆ ಮಾತ್ರ ಇಂಜೆಕ್ಷನ್ ತಪ್ಪಿಸಲೇಬೇಡಿ.

ಈಗ ಈ ಕತೆಯನ್ನು ಪಕ್ಕಕ್ಕಿಟ್ಟು ನಿಮ್ಮ ಜಗಲಿಯ ನೆಲದ ಮೇಲೆ, ಮಗುವಿನ ಎತ್ತರಕ್ಕೆ ಕೂತು ಸುತ್ತ ನೋಡಿ. ನಿಮ್ಮ ಕೂಸಿಗೆ ಎಟುಕುವ ಎಲೆ ಯಾವುದು?