ಚಳಿಜ್ವರದ ಪಾರ್ಟು

ವಿಶಾಖಪಟ್ನದ ಹತ್ತಿರದ ಅಚ್ಯುತಾಪುರದ ಟೌನ್‌ಶಿಪ್ಪಿನಲ್ಲಿ ಹೊಸ ಕ್ವಾರ್ಟರ್ಸಿನ ಲಿಫ್ಟಿಗೆಂದು ತೋಡಿದ ಗುಂಡಿಯಲ್ಲಿ ಮಳೆಗಾಲದಿಂದಲೂ ನೀರು ನಿಂತಿತ್ತು. ಅದರ ದಂಡೆಗೇ ಕೂಲಿಯವರ ತಗಡಿನ ಶೆಡ್ಡುಗಳು. ಹೊತ್ತು ಮುಳುಗಿದರೆ ಸೊಳ್ಳೆಗಳು ಗುಂಯ್ಯೆಂದು ಏಳುತ್ತಿದ್ದವು. ರಾಯಚೂರು ಕಡೆಯಿಂದ ಬಂದಿದ್ದ ಸುಶೀಲಾಳ ಗಂಡ ಈಶ್ವರಯ್ಯ ದಸರೆ ಕಳೆದಾಗಿನಿಂದ ದಿನ ಬಿಟ್ಟು ದಿನ ಚಳಿಜ್ವರದಲ್ಲಿ ಮಲಗುತ್ತಿದ್ದ. ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿದ್ದವು. ಮೇಸ್ತ್ರಿ ಬಾಬ್ಜಿಯ ಮಾತಿಲ್ಲದೆ ಗೇಟಿನವರು ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ.

"ಬಾಬ್ಜಿಯಣ್ಣಾ, ವಿಶಾಖಪಟ್ನದ ದೊಡ್ಡ ದವಾಖಾನಿಗೆ ಗಾಡಿ ಕಳಸ್ರೀ," ಎಂದು ಸುಶೀಲಾ ಕೇಳಿದಳು.

"ಮಲೇರಿಯಾ ಅಂತ ಹೊರಗೆ ಗೊತ್ತಾದ್ರೆ ಸೈಟು ಬಂದ್ ಮಾಡ್ತಾರಮ್ಮಾ. ಎಲ್ಲರ ಕೂಳೂ ಹೋಗುತ್ತೆ. ಚೂದ್ದಾಂ, ನೋಡೋಣ."

ನವೆಂಬರಿನಲ್ಲಿ ಅಲ್ಲಿಯ ಕನ್ನಡ ಸಂಘದವರಿಗೆ ನಾಟಕದ ಹುಕಿ ಬಂತು. ಬ್ರಿಟಿಷರ ಕಾಲದಲ್ಲಿ ಕಾಡು ಕಡಿದು ರೈಲು ಹಾಕುವಾಗ ಚಳಿಜ್ವರಕ್ಕೆ ಸತ್ತ ಕೂಲಿಗಳ ಕಥೆ. ಬರೆದವರು, ಆಡಿಸುವವರು, ದೊರೆಯ ಪಾರ್ಟು ಮಾಡುವವರು, ಎಲ್ಲರೂ ಆ ಸೈಟಿನ ಇಂಜಿನಿಯರ್ ಶೇಷಗಿರಿಯವರೇ. ಕೂಲಿಯ ಪಾರ್ಟಿಗೆ ಮಾತ್ರ ಸಂಘದಲ್ಲಿ ಒಬ್ಬರೂ ಒಪ್ಪಲಿಲ್ಲ. ಶೇಷಗಿರಿಯವರು ಶೆಡ್ಡಿಗೇ ಬಂದರು. ನಡುಗುತ್ತಿದ್ದ ಈಶ್ವರಯ್ಯನನ್ನು ಕಂಡು ಅವರ ಕಣ್ಣು ಅರಳಿತು.

"ಎಷ್ಟು ನ್ಯಾಚುರಲ್ಲು! ಸಾಯೋ ಕೂಲಿ ಇವನೇ. ನೀನು ಹೆಂಡತಿ ಪಾರ್ಟು ಮಾಡಮ್ಮಾ."

"ನಾ ಖರೇನ ಇವರ ಹೆಂಡ್ತಿ ಅದೀನ್ರೀ. ನಾಟಕ ಆದಮ್ಯಾಗರ ದವಾಖಾನಿಗೆ ಕರ್ಕೊಂಡ್ ಹೋಗ್ತೀರೇನ್ರೀ ಸಾಹೇಬ್ರ?"

"ಆಗ್ಲಿ, ಅದೊಂದು ಮುಗೀಲಿ."

ನಾಟಕದ ಸಂಜೆ ಈಶ್ವರಯ್ಯನ ಮೈ ಕಾದ ಹಂಚಾಗಿತ್ತು. ರಂಗದ ಮೇಲೆ ಚಾಪೆಯಲ್ಲಿ ಅವನು ನಡುಗತೊಡಗಿದಾಗ ಸಭೆ ಬೆರಗಾಯಿತು. ಮುಖ್ಯ ಅತಿಥಿಯಾಗಿ ಬಂದಿದ್ದ ವಿಜಯವಾಡದ ದೊಡ್ಡ ಡಾಕ್ಟರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮುಖಕ್ಕೆ ಪೌಡರು ಬಳಿದ ದೊರೆ ಬೂಟಿನಿಂದ ಕಂಬಳಿ ಸರಿಸಿ ಗದರಿದರು: "ಏಳೋ! ನಿನಗೋಸ್ಕರ ರೈಲು ನಿಲ್ಲೋದಿಲ್ಲ!"

ಹಾಗೆ ಗದರಬೇಕೆಂದೇ ಬರೆದಿತ್ತು. ಅಷ್ಟರಲ್ಲಿ ಈಶ್ವರಯ್ಯನ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಅದು ಬರೆದಿರಲಿಲ್ಲ.

ಸುಶೀಲಾ ಗಂಡನ ಕೆನ್ನೆ ತಟ್ಟಿದಳು. ಅವನಿಗೆ ಎಚ್ಚರವಿಲ್ಲ. ಎದ್ದು ಸಭೆಯತ್ತ ತಿರುಗಿದಳು.

"ಇವರಿಗೆ ಖರೇನ ಜ್ವರ ಬಂದೈತ್ರೀ! ಯಾರರ ಗಾಡಿ ತರ್ರೀ!"

ಚಪ್ಪಾಳೆ ಇನ್ನೂ ಜೋರಾಯಿತು. ಮುಂದಿನ ಸಾಲಿನ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಈ ಡೈಲಾಗ್ ಇರಲಿಲ್ಲ. ಚೆನ್ನಾಗಿದೆ, ಮುಂದುವರಿಸು," ದೊರೆ ಪಿಸುಗುಟ್ಟಿದರು.

ನಾಟಕದಲ್ಲಿ ಸತ್ತ ಕೂಲಿಯನ್ನು ಪರದೆಯ ಹಿಂದಕ್ಕೆ ಒಯ್ಯಬೇಕಿದ್ದ ಶೆಡ್ಡಿನ ಕೂಲಿಗಳು ಸುಶೀಲಾಳ ಮುಖ ನೋಡಿದರು. ಅವನನ್ನು ಚಾಪೆ ಸಮೇತ ಎತ್ತಿಕೊಂಡು ಸಭೆಯ ನಡುವೆಯೇ ಇಳಿದರು. ಜನ ಎದ್ದು ದಾರಿ ಬಿಟ್ಟರು, ಚಪ್ಪಾಳೆ ತಟ್ಟುತ್ತಲೇ. ಹೊಸ ಬಗೆಯ ನಾಟಕವೆಂದು ಯಾರೋ ಮೆಚ್ಚಿದರು.

ಹೊರಗೆ ಡಾಕ್ಟರ ಕಾರಿಗೆ ಅಡ್ಡವಾಗಿ ಚಾಪೆ ಇಳಿಸಿ ಎಲ್ಲರೂ ಸುತ್ತ ಕೂತರು. ಬಾಬ್ಜಿ ಓಡಿಬಂದ.

"ಲೇವಂಡ್ರಾ! ಏಳ್ರೋ! ನನ್ನ ಮರ್ಯಾದೆ ತೆಗೀತೀರಾ?"

ಹಿಂದೆಯೇ ಶೇಷಗಿರಿಯವರು, ಡಾಕ್ಟರನ್ನು ಕರೆದುಕೊಂಡು.

"ಏಳ್ರಪ್ಪಾ, ಡಾಕ್ಟರು ಊಟಕ್ಕೆ ಹೊರಡಬೇಕು. ನಾಟಕ ಮುಗೀತಲ್ಲ?"

"ಮುಗೀತಲ್ರೀ ಸಾಹೇಬ್ರ," ಎಂದಳು ಸುಶೀಲಾ. "ಮುಗದಮ್ಯಾಗ ಕರ್ಕೊಂಡ್ ಹೋಗ್ತೀನಿ ಅಂದಿದ್ರಿ. ಬಾಗಲಾ ತಗೀರಿ."

ಬಾಬ್ಜಿ ಶೇಷಗಿರಿಯವರ ಮುಖ ನೋಡಿದ. ಶೇಷಗಿರಿಯವರು ಡಾಕ್ಟರ ಮುಖ ನೋಡಿದರು. ಡಾಕ್ಟರು ಗಡಿಯಾರ ನೋಡಿಕೊಂಡರು.

ಕೂಲಿಗಳು ಯಾರ ಮುಖವನ್ನೂ ನೋಡಲಿಲ್ಲ. ಕಾರಿನ ಹಿಂದಿನ ಬಾಗಿಲನ್ನು ತಾವೇ ತೆಗೆದು ಈಶ್ವರಯ್ಯನನ್ನು ಒಳಗೆ ಮಲಗಿಸಿದರು. ಡಾಕ್ಟರ ಡ್ರೈವರ್ ಯಾರನ್ನೂ ಕೇಳದೆ ಇಂಜಿನ್ ಚಾಲೂ ಮಾಡಿದ.